ತಲೆಯಾಡಿಸಿದವಳು

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಅವಳು ಬಚ್ಚಲಮನೆಯ ಕನ್ನಡಿಯ ಮುಂದೆ ಮತ್ತೊಮ್ಮೆ ತಲೆಯಾಡಿಸಿ ನೋಡಿಕೊಂಡಳು. ಈ ಸಲ ಮೆಲ್ಲಗೆ, ಗಲ್ಲ ಒಂದಿಷ್ಟೇ ಕೆಳಗಿಳಿದು ಮೇಲೇಳುವ ಹಾಗೆ. ಇದನ್ನು ಕಂಡವರು ಏನೆಂದುಕೊಳ್ಳುತ್ತಾರೆ? ಹೌದು, ನೀವು ಹೇಳಿದ್ದೇ ಸರಿ ಎಂದೇ? ಅಥವಾ ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ? ಕನ್ನಡಿಯೊಳಗಿನ ಹೆಂಗಸು ಎರಡನ್ನೂ ಒಟ್ಟಿಗೇ ಹೇಳುತ್ತಿದ್ದಂತೆ ಕಂಡಿತು. ನಿನ್ನೆ ಸಂಜೆ ಇಸ್ತ್ರಿ ಅಂಗಡಿಯ ಆವಿಯಲ್ಲಿ, ಬಿಸಿಬಟ್ಟೆಯ ವಾಸನೆಯಲ್ಲಿ, ಅಂಗಡಿಯ ಹೆಂಗಸು ಇಸ್ತ್ರಿಪೆಟ್ಟಿಗೆಯನ್ನು ಗಾಳಿಯಲ್ಲೇ ಎತ್ತಿ ಹಿಡಿದು, “ಸಿಗ್ನಲ್ ದೀಪ ಹಸಿರಿತ್ತು ಅನ್ಸುತ್ತಮ್ಮ, ಅಲ್ವಾ?” ಎಂದು ಕೇಳಿದಾಗ ತನ್ನ ತಲೆ ಏನು ಮಾಡಿತ್ತು? ಸುಮ್ಮನಿತ್ತೇ? ಸುಮ್ಮನಿರುವ ತಲೆಯಲ್ಲ ಅದು. ಶಾಲೆಯಲ್ಲಿ ಗಣಿತದ ಮೇಡಂ ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟು, “ನೀನು ತಲೆ ಆಡಿಸೋದು ನೋಡಿ ನಾನು ಮುಂದಿನ ಲೆಕ್ಕಕ್ಕೆ ಹೋಗ್ತೀನಿ, ಆಮೇಲೆ ನೋಡಿದ್ರೆ ನಿಂಗೆ ಹಿಂದಿನದೇ ಅರ್ಥ ಆಗಿರಲ್ಲ” ಎಂದು ಬೈದದ್ದು, ಇಡೀ ತರಗತಿ ನಕ್ಕಾಗಲೂ ತಾನು ಹೌದು ಮೇಡಂ ಎಂದು ತಲೆಯಾಡಿಸಿದ್ದು ನೆನಪಾಗಿ, ಅವಳು ನೊರೆಯನ್ನು ಉಗುಳಿದಳು.

“ಕನ್ನಡಿ ಏನಾದ್ರೂ ಕೇಳ್ತಾ ಇದೆಯೇನೇ, ಅಷ್ಟೊಂದು ಹೂಂಗುಟ್ತಿದ್ದೀಯ?” ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಅತ್ತೆ ಕೇಳಿದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಕಾಲಕ್ಕೆ ಈ ಊರಿನ ಮಾತುಗಳೆಲ್ಲ ಅವರ ಬೆರಳ ತುದಿಯಿಂದಲೇ ಹಾದುಹೋಗಬೇಕಿತ್ತು. ಸೊಸೆಯ ಕೆಲಸ ಏನೆಂದು ಅಕ್ಕಪಕ್ಕದವರಿಗೆ ವಿವರಿಸುವುದು ಅವರಿಗೆ ನಿತ್ಯದ ಕಷ್ಟ. ಲಾಯರ್ರಾ ಎಂದರೆ ಅಲ್ಲ, ಗುಮಾಸ್ತೆಯಾ ಎಂದರೆ ಅದೂ ಅಲ್ಲ. ಪ್ಯಾರಾಲೀಗಲ್ ಎಂದರೆ ಕೇಳಿದವರ ಕಣ್ಣಿಗೆ ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಜಿಗಿಯುವ ವಕೀಲರು ಕಾಣುತ್ತಿದ್ದರು. ಕಡೆಗೆ ಅತ್ತೆಯೇ ಒಂದು ವಿವರಣೆ ಹೊಂದಿಸಿಕೊಂಡಿದ್ದರು: “ಲಾಯರ್ರು ಕೋರ್ಟಲ್ಲಿ ಬಾಯಿ ತೆಗೀತಾರಲ್ಲ, ಅದಕ್ಕೆ ಮುಂಚೆ ಆಗಬೇಕಾದ್ದನ್ನೆಲ್ಲ ಮಾಡೋಳು ನಮ್ಮ ಸೊಸೆ.” ಸಾಕ್ಷಿಗಳನ್ನು ಹುಡುಕಿ ಮಾತಾಡಿಸುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಹಳೆಯ ತೀರ್ಪುಗಳನ್ನು ಹುಡುಕಿ ತೆಗೆಯುವುದು, ಹೆದರಿದವರಿಗೆ ಕಟಕಟೆ ಎಲ್ಲಿದೆ, ನೀರಿನ ನಲ್ಲಿ ಎಲ್ಲಿದೆ ಎಂದು ತೋರಿಸುವುದು. ಮಾಡಬಾರದ್ದು ಎರಡೇ. ಕಕ್ಷಿದಾರರಿಗೆ ಕಾನೂನಿನ ಸಲಹೆ ಕೊಡಬಾರದು. ಸಾಕ್ಷಿಗೆ ಏನು ಹೇಳಬೇಕೆಂದು ಹೇಳಿಕೊಡಬಾರದು. ಕೆಲಸಕ್ಕೆ ಸೇರಿದ ದಿನ ವಕೀಲೆ ಮೇಡಂ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, “ಸಾಕ್ಷಿ ಬಾಯಿಗೆ ನಾವು ಒಂದು ಅಕ್ಷರ ಇಟ್ರೂ ಅದು ವಿಷ ಆಗುತ್ತೆ ನೋಡು” ಎಂದಿದ್ದರು. ಬಿಸ್ಕತ್ತು ಮುರಿದು ಚಹಾದೊಳಕ್ಕೆ ಬಿದ್ದಿತ್ತು. ಅವಳು ಅಂದೂ ತಲೆಯಾಡಿಸಿದ್ದಳು.

“ಅತ್ತೆ, ನೀವು ಯಾವತ್ತಾದ್ರೂ ಲೈನಿನ ನಡುವೆ ಬಾಯಿ ಹಾಕಿದ್ದುಂಟಾ?”

“ಒಂದ್ಸಲ. ಒಬ್ಬಳು ಅವಳ ತಂಗಿಗೆ ತಪ್ಪು ರೈಲಿನ ಹೆಸರು ಹೇಳ್ತಿದ್ಳು. ತಡೀಲಾರದೆ, ಅದು ಭಾನುವಾರ ಓಡಲ್ಲಮ್ಮ ಅಂದುಬಿಟ್ಟೆ. ಇಬ್ಬರೂ ಕಿಟಾರನೆ ಕಿರುಚಿಕೊಂಡ್ರು.” ಅತ್ತೆ ನಕ್ಕರು. “ಅವರು ದೂರು ಕೊಡೋದಕ್ಕೆ ಮುಂಚೆ ನಾನೇ ಸೂಪರ್‌ವೈಸರ್ ಹತ್ರ ಹೋಗಿ ಹೇಳ್ದೆ. ಬೈಸಿಕೊಂಡೆ ಅನ್ನು. ಆದ್ರೆ ಮಧ್ಯಾಹ್ನ ಊಟ ಗಂಟಲಲ್ಲಿ ಇಳೀತು. ಈಗ ಜಾಗ ಬಿಡ್ತೀಯಾ, ಇಲ್ಲ ಕನ್ನಡಿ ಜೊತೆ ಇನ್ನೂ ಮಾತಿದೆಯಾ?”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಾಲಕನ ಕತ್ತಿನ ಹಿಂಭಾಗವನ್ನೇ ನೋಡುತ್ತ ಕೂತಳು. ಈಚೆಗೆ ಅವಳಿಗೆ ಎಲ್ಲ ಬಸ್ ಚಾಲಕರ ಕತ್ತೂ ಪಾಪ ಅನ್ನಿಸುತ್ತಿತ್ತು. ಮೇಡಂ ಅವರ ಈಗಿನ ಕಕ್ಷಿದಾರನೂ ಇಂಥವನೇ, ಮಧ್ಯವಯಸ್ಸಿನ, ಕಿವಿಯ ಹಿಂದೆ ನರೆತ ಕೂದಲಿನ ಬಸ್ ಚಾಲಕ. ಇಸ್ತ್ರಿ ಅಂಗಡಿಯ ಮುಂದಿನ ನಿಲ್ದಾಣದಿಂದ ಹೊರಟ ಅವನ ಬಸ್ಸು ಅಲ್ಲೇ ಇರುವ ಕೂಡುರಸ್ತೆಯಲ್ಲಿ ಒಬ್ಬ ಸೈಕಲ್ ಸವಾರನಿಗೆ ತಾಗಿತ್ತು. ಸವಾರ ಬದುಕಿದ, ಕಾಲಿನ ಮೂಳೆ ಮುರಿಯಿತು. ಬಸ್ಸು ಕೆಂಪು ದೀಪ ದಾಟಿ ಮೈಮೇಲೆ ನುಗ್ಗಿ ಬಂತೆಂದು ಅವನ ದೂರು. ಇಲ್ಲ, ದೀಪ ಹಸಿರಿತ್ತು, ಮೆಲ್ಲಗೇ ಬರುತ್ತಿದ್ದೆ ಎಂದು ಚಾಲಕ. ಅಜಾಗರೂಕತೆಯಿಂದ ಓಡಿಸಿದ್ದು ರುಜುವಾತಾದರೆ ಜೈಲು, ಪರವಾನಗಿಯೂ ಹೋಗುತ್ತದೆ, ಸ್ಟಿಯರಿಂಗ್ ಬಿಟ್ಟರೆ ಬೇರೇನೂ ಹಿಡಿದು ಗೊತ್ತಿಲ್ಲದ ಕೈ ಖಾಲಿಯಾಗುತ್ತದೆ. ಅವನ ಪರವಾಗಿ ಹೇಳುವವರು ಉಳಿದದ್ದು ಇಸ್ತ್ರಿ ಅಕ್ಕ ಒಬ್ಬಳೇ. ಅವಳನ್ನು ಹುಡುಕಿದ್ದು ತಾನೇ. ಕೋರ್ಟು ಗೀರ್ಟು ನಂಗ್ಯಾಕಮ್ಮ ಎಂದು ಕೈಮುಗಿದವಳ ಎದುರು ಮಡಿಸಿಟ್ಟ ಬಟ್ಟೆಗಳ ನಡುವೆ ಗಂಟೆಗಟ್ಟಲೆ ಕೂತು, ಅಳಿಯನ ಸುದ್ದಿ, ಮಂಡಿನೋವಿನ ಸುದ್ದಿ, ರೇಷ್ಮೆಗೆ ಎಷ್ಟು ಬಿಸಿ ಹತ್ತಿಗೆ ಎಷ್ಟು ಬಿಸಿ ಎಂಬ ಸುದ್ದಿಯನ್ನೆಲ್ಲ ಕೇಳಿ, ಕಡೆಗೆ ಬರುತ್ತೇನೆ ಎನ್ನಿಸಿದ್ದೂ ತಾನೇ. ಈಗ ಆ ಒಂದು ಸಾಕ್ಷಿಯನ್ನು ತಾನೇ ಕೆಡಿಸಿದೆನೇ? ಹಸಿರು ಎಂದು ಅವಳಿಗೆ ನಿಜವಾಗಿ ನೆನಪಿತ್ತೇ, ಇಲ್ಲ ತನ್ನ ಗಲ್ಲ ಒಂದಿಷ್ಟು ಇಳಿದದ್ದು ಕಂಡು ನೆನಪಾಯಿತೇ? ಬಸ್ಸು ಬ್ರೇಕ್ ಹಾಕಿದಾಗ ಎಲ್ಲರ ತಲೆಗಳೂ ಒಟ್ಟಿಗೆ ಮುಂದಕ್ಕೆ ವಾಲಿ ಹಿಂದಕ್ಕೆ ಬಂದವು. ಅವಳಿಗೆ ತಡೆಯಲಾರದ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಆಚೆ ಸರಿಸಿಕೊಂಡಳು.

ನ್ಯಾಯಾಲಯದ ಮೆಟ್ಟಿಲ ಬಳಿ ಮೇಡಂ ಕರಿಕೋಟನ್ನು ತೋಳಿಗೆ ಹಾಕಿಕೊಂಡು ನಿಂತಿದ್ದರು. ತುಸು ದೂರದಲ್ಲಿ ಚಾಲಕ. ಅವನ ಅಂಗಿ ಆಗತಾನೇ ಹಿಂಡಿ ತೆಗೆದಂತೆ ಮುದುರಿಕೊಂಡಿತ್ತು. ಅವನು ಬಟ್ಟೆ ಕೊಡುತ್ತಿದ್ದುದು ಇಸ್ತ್ರಿ ಅಕ್ಕನ ಅಂಗಡಿಗೇ. ಕೇಸು ಮುಗಿಯುವ ತನಕ ಸಾಕ್ಷಿಯ ಬಾಗಿಲು ತುಳಿಯಬೇಡಿ ಎಂದು ಮೇಡಂ ತಾಕೀತು ಮಾಡಿದ್ದರಿಂದ ಅವನು ಅಂದಿನಿಂದ ಸುಕ್ಕುಸುಕ್ಕಾಗಿಯೇ ತಿರುಗುತ್ತಿದ್ದ. ಬೇರೆ ಅಂಗಡಿಗೆ ಕೊಡುವುದು ಅವನಿಗೆ ಹೊಳೆದಿರಲಿಲ್ಲವೋ, ಮನಸ್ಸು ಬಂದಿರಲಿಲ್ಲವೋ.

ಅವಳು ಮೇಡಂ ಅವರನ್ನು ಕಂಬದ ಮರೆಗೆ ಕರೆದಳು. “ಮೇಡಂ, ನಿನ್ನೆ ಆಕೆ ದೀಪ ಹಸಿರಿತ್ತು ಅಲ್ವಾ ಅಂತ ಕೇಳಿದ್ರು. ನಾನು… ನಾನು ತಲೆ ಆಡಿಸ್ಬಿಟ್ಟೆ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ?”

“ಗೊತ್ತಾಗ್ತಿಲ್ಲ. ಬೆಳಗ್ಗೆ ಕನ್ನಡೀಲಿ ನೋಡಿಕೊಂಡೆ. ಆದ್ರೂ ಗೊತ್ತಾಗ್ಲಿಲ್ಲ.”

ಮೇಡಂ ಅವಳ ಮುಖವನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಜನ ಹತ್ತುತ್ತ ಇಳಿಯುತ್ತ ಇದ್ದರು. ಯಾರದೋ ಕೈಯಿಂದ ಕಾಗದಗಳು ಜಾರಿ ಗಾಳಿಗೆ ಹಾರಿದವು. ಅವಳ ಕಾಲುಗಳು ಅಭ್ಯಾಸಬಲದಿಂದ ಅತ್ತ ಓಡಲು ಹೊರಟವು, ಅವಳು ಅವನ್ನು ತಡೆದು ನಿಲ್ಲಿಸಿಕೊಂಡಳು.

“ಸರಿ,” ಎಂದರು ಮೇಡಂ. “ದೀಪದ ಪ್ರಶ್ನೆ ನಾನು ಕೇಳಲ್ಲ.”

“ಅದೊಂದೇ ಅಲ್ವಾ ಮೇಡಂ ನಮ್ಮ ಹತ್ರ ಇರೋದು?”

“ಅನುಮಾನ ಇರೋದನ್ನ ನ್ಯಾಯಾಧೀಶರ ಮುಂದೆ ಇಡೋದು ಹೇಗೆ? ನೀನು ಹೇಳಿದ್ದು ಒಳ್ಳೇದಾಯ್ತು.” ಮೇಡಂ ಕೋಟಿಗೆ ಒಂದು ತೋಳು ತೂರಿಸಿದರು. “ಆಕೆ ಬೇರೆ ಏನೇನು ಹೇಳಿದ್ರು? ಬರೆದುಕೊಂಡಿದ್ದು ಬೇಡ. ಬರೆಯೋಕೆ ಯೋಗ್ಯ ಅಲ್ಲ ಅಂತ ಬಿಟ್ಟಿದ್ದೀಯಲ್ಲ, ಅದನ್ನ ಹೇಳು.”

ಹೇಳಿದಳು. ಅಳಿಯನ ಸುದ್ದಿ ಹೇಳಿದಳು, ಮಂಡಿಯ ಸುದ್ದಿ ಹೇಳಿದಳು. ಅಂದು ಒಬ್ಬ ಅಜ್ಜ ಇಸ್ತ್ರಿಯಾದ ಅಂಗಿಗಳನ್ನು ಹ್ಯಾಂಗರಿನಲ್ಲೇ ಬೇಕೆಂದು ಹಟ ಹಿಡಿದು, ಅವನ್ನು ಬಾವುಟದಂತೆ ಎತ್ತಿ ಹಿಡಿದುಕೊಂಡು ಅದೇ ಬಸ್ಸು ಹತ್ತಲು ಹೋಗಿ, ಹ್ಯಾಂಗರುಗಳು ಬಾಗಿಲಿಗೆ ಸಿಕ್ಕಿಕೊಂಡು, ಚಾಲಕ ಎಂಜಿನ್ ಆರಿಸಿ ಕಾಯುತ್ತ, “ನಿಧಾನ ಯಜಮಾನ್ರೇ, ಮಡಿಕೆ ಹೋದ್ರೆ ಅಕ್ಕ ನನ್ನನ್ನ ಬಿಡಲ್ಲ” ಎಂದು ನಗಾಡಿದ್ದನ್ನು ಇಸ್ತ್ರಿ ಅಕ್ಕ ಅಭಿನಯಿಸಿ ತೋರಿಸಿದ್ದಳು. ಅದನ್ನು ಹೇಳುವಾಗ ಇವಳ ಕೈಯೂ ಗೊತ್ತಿಲ್ಲದೆ ಮೇಲೆ ಹೋಯಿತು. ಮೇಡಂ ಇನ್ನೊಂದು ತೋಳನ್ನು ಅರ್ಧ ತೂರಿಸಿದವರು ಹಾಗೇ ನಿಂತುಬಿಟ್ಟರು.

“ಇದು ಯಾವಾಗ? ಅದೇ ನಿಲ್ದಾಣದಲ್ಲಾ? ಢಿಕ್ಕಿ ಆಗೋದಕ್ಕೆ ಮುಂಚೇನೇ?”

“ಅಜ್ಜ ಒಳಗೆ ಹೋದ್ರು, ಬಸ್ಸು ಹೊರಡ್ತು, ಅಷ್ಟರಲ್ಲೇ ಸದ್ದಾಯ್ತು ಅಂದ್ರು. ತಮಾಷೆಗೆ ಹೇಳಿದ್ದು ಮೇಡಂ, ಅದಕ್ಕೇ ಬರ್ಕೊಳ್ಳಲಿಲ್ಲ…”

“ಎಂಜಿನ್ ಆರಿಸಿ ನಿಂತಿದ್ದ ಬಸ್ಸು ಅಷ್ಟರೊಳಗೆ ಎಷ್ಟು ಜೋರಾಗಿ ಹೋಗೋಕೆ ಸಾಧ್ಯ?” ಎಂದು ಮೇಡಂ ತಮ್ಮಷ್ಟಕ್ಕೇ ಅಂದುಕೊಂಡು, ಉಳಿದ ತೋಳನ್ನು ಎಳೆದುಕೊಂಡು ಸರಸರನೆ ಮೆಟ್ಟಿಲು ಹತ್ತಿದರು.

ಒಳಗೆ ಅವಳು ಮೇಡಂ ಹಿಂದಿನ ಕುರ್ಚಿಯಲ್ಲಿ ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಷ್ಟೇ, ಜವಾನ ಬಂದು, “ಇದು ವಕೀಲರ ಜಾಗ, ಏಳಮ್ಮ” ಎಂದ. ಪ್ರತಿ ಸಲವೂ ಹೀಗೆಯೇ. ಕೆಲವರು ಕೂರಲು ಬಿಡುತ್ತಾರೆ, ಕೆಲವರು ಎಬ್ಬಿಸುತ್ತಾರೆ. ಎಬ್ಬಿಸಿದಾಗ ಕಿವಿ ಬಿಸಿಯಾಗುವುದು ಇಷ್ಟು ವರ್ಷವಾದರೂ ನಿಂತಿಲ್ಲ. ಗೋಡೆಗೆ ಒರಗಿದ ಬೆಂಚಿಗೆ ಹೋದಳು. ಅಲ್ಲಿ ಇಸ್ತ್ರಿ ಅಕ್ಕ ತನ್ನ ಒಳ್ಳೆಯ ಸೀರೆಯುಟ್ಟು, ಒಂದೂ ಸುಕ್ಕಿಲ್ಲದೆ, ಕುಂತರೆ ಮಡಿಕೆ ಕೆಡುತ್ತದೆಂದು ಅರ್ಧ ಕುಂತು ಅರ್ಧ ನಿಂತಿದ್ದಳು.

“ಏನು ಹೇಳ್ಲಮ್ಮ ಈಗ?” ಅವಳ ಪಿಸುಮಾತು ಅರ್ಧ ಕೋಣೆಗೆ ಕೇಳಿಸಿತು.

“ಕಂಡಿದ್ದನ್ನ ಹೇಳಿ ಅಕ್ಕ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಅಷ್ಟೇ.” ಈ ಸಲ ಅವಳು ಕತ್ತನ್ನು ಕಲ್ಲಿನಂತೆ ಬಿಗಿಹಿಡಿದು ಹೇಳಿದಳು.

“ಕತ್ತು ಉಳುಕಿದೆಯಾ?” ಎಂದು ಇಸ್ತ್ರಿ ಅಕ್ಕ ಮರುಕದಿಂದ ಕೇಳಿ ಕಟಕಟೆ ಹತ್ತಿದಳು.

ಹತ್ತಿದವಳು ಮೊದಲು ನೋಡಿದ್ದು ಚಾಲಕನ ಅಂಗಿಯನ್ನು. ಮುಖ ಕಿವುಚಿದಳು. ಅವನು ಕೈಯಿಂದ ಎದೆಯ ಸುಕ್ಕನ್ನು ಸವರಿಕೊಂಡ. ಆ ದಿನ ನೀವು ಕಂಡದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಎಂದು ಮೇಡಂ ಕೇಳಿದ್ದೇ ತಡ, ಇಸ್ತ್ರಿ ಅಕ್ಕ ಬೆಳಗ್ಗೆ ಅಂಗಡಿ ತೆರೆದಲ್ಲಿಂದ ಶುರುಮಾಡಿದಳು. ನ್ಯಾಯಾಧೀಶರು ಒಮ್ಮೆ ಗಡಿಯಾರ ನೋಡಿದರು. ಆದರೆ ಹ್ಯಾಂಗರಿನ ಅಜ್ಜ ಬರುವ ಹೊತ್ತಿಗೆ ಅವರ ಪೆನ್ನು ನಿಂತಿತ್ತು, ಮುಖ ಮುಂದಕ್ಕೆ ಬಾಗಿತ್ತು. “ಒಂದು ಹ್ಯಾಂಗರ್ ಬಿಡಿಸಿದ್ರೆ ಇನ್ನೊಂದು ಸಿಕ್ಕಿಕೊಳ್ಳೋದು ಸ್ವಾಮಿ. ಒಳಗಿದ್ದೋರು ಗೊಣಗ್ತಿದ್ರು. ಈ ಅಣ್ಣ ಬಸ್ಸು ಆರಿಸಿ ಕೂತ್ಕೊಂಡ. ಅವಸರ ಮಾಡೋನಾಗಿದ್ರೆ ನನ್ನ ಮಡಿಕೆ ಎಲ್ಲಾ ಅವತ್ತೇ ಮಣ್ಣುಪಾಲಾಗ್ತಿತ್ತು. ಅಜ್ಜ ಹತ್ತಿದ್ರು, ಬಸ್ಸು ಗುರ್ ಅಂತ ಹೊರಡ್ತು, ಅಷ್ಟರಲ್ಲಿ ಸದ್ದು. ನಾನು ಪೆಟ್ಟಿಗೆ ಕೆಳಗಿಡೋದಕ್ಕೂ ಪುರುಸೊತ್ತಿರಲಿಲ್ಲ, ಒಂದು ದಿಂಬಿನ ಚೀಲ ಸುಟ್ಟೇಹೋಯ್ತು.”

ಮೇಡಂ ಅಷ್ಟಕ್ಕೇ ಕೂತರು. ಈಗ ಸರ್ಕಾರಿ ವಕೀಲರ ಸರದಿ. ನೆಗಡಿಯಾಗಿದ್ದ ಅವರು ಕರವಸ್ತ್ರವನ್ನು ಜೇಬಿಗೆ ತುರುಕಿ ಎದ್ದು, ಮೇಡಂ ಬಿಟ್ಟದ್ದನ್ನೇ ಎತ್ತಿಕೊಂಡರು. “ದೀಪ ಯಾವ ಬಣ್ಣ ಇತ್ತು?”

ಬೆಂಚಿನ ಮೇಲೆ ಅವಳು ಫೈಲುಗಳನ್ನು ಅವುಚಿ ಹಿಡಿದುಕೊಂಡಳು.

“ಗೊತ್ತಿಲ್ಲ ಸ್ವಾಮಿ. ನಿನ್ನೆವರೆಗೆ ಹಸಿರು ಅಂದ್ಕೊಂಡಿದ್ದೆ. ಯೋಚನೆ ಮಾಡಿ ನೋಡಿದ್ರೆ, ನಾನು ದೀಪದ ಕಡೆ ನೋಡೇ ಇಲ್ಲ. ಕಣ್ಣೆಲ್ಲ ಹ್ಯಾಂಗರ್ ಮೇಲೆ, ಆಮೇಲೆ ದಿಂಬಿನ ಚೀಲದ ಮೇಲೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ ಅಂತ ಈಯಮ್ಮ ಹೇಳಿದ್ದಾಳೆ.” ಬೆರಳು ನೇರ ಬೆಂಚಿನತ್ತ ಬಂತು. ಅದರ ಹಿಂದೆಯೇ ಕೋಣೆಯ ಕಣ್ಣುಗಳೆಲ್ಲ ಬಂದವು.

“ಓಹೋ. ಈಯಮ್ಮ ಇನ್ನೂ ಏನೇನು ಹೇಳಿಕೊಟ್ರು? ನೀವು ಹಸಿರು ಅಂದಾಗ ಏನಂದ್ರು?”

“ಏನೂ ಅನ್ಲಿಲ್ಲ. ತಲೆ ಆಡಿಸಿದ್ಳು.”

ಅಂದರೆ ಆಡಿಸಿದ್ದೆ, ಅಂದುಕೊಂಡಳು ಅವಳು. ವಿಚಿತ್ರವೆಂದರೆ ಒಂದು ಕ್ಷಣ ಹಾಯೆನಿಸಿತು, ನೋಯುವ ಹಲ್ಲು ಇದೇ ಎಂದು ವೈದ್ಯರು ಬೆರಳಿಟ್ಟು ತೋರಿಸಿದ ಹಾಗೆ. ಮರುಕ್ಷಣವೇ ಬೆಂಚಿನ ಕೆಳಗಿನ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಚಾಲಕ ಅವಳತ್ತ ತಿರುಗಿ ನೋಡಿದ. ಸರ್ಕಾರಿ ವಕೀಲರು ನ್ಯಾಯಾಧೀಶರ ಕಡೆಗೆ ಹೊರಳಿ ಗೆಲುವಿನ ನಗೆ ನಕ್ಕರು. “ಗಮನಿಸಬೇಕು. ಸಾಕ್ಷಿಗೆ ಒಪ್ಪಿಗೆ ಕೊಟ್ಟು ತರಬೇತಿ ಮಾಡಿದ್ದಾರೆ.”

“ಏನು ಒಪ್ಪಿಗೆ ಸ್ವಾಮಿ?” ಇಸ್ತ್ರಿ ಅಕ್ಕ ಕಟಕಟೆಯ ಮೇಲೆ ಕೈಯೂರಿ ಮುಂದೆ ಬಾಗಿದಳು. “ನನ್ನ ಅಳಿಯ ಶುದ್ಧ ದಡ್ಡ ಅಂದೆ, ಅದಕ್ಕೂ ತಲೆ ಆಡಿಸಿದ್ಳು. ಹಾಗಲ್ಲ, ಪಾಪ ಒಳ್ಳೇವನೇ ಅಂದೆ, ಅದಕ್ಕೂ ಆಡಿಸಿದ್ಳು. ನನ್ನ ಮಂಡಿ ನೋವು ನಿಮಗೇನು ಗೊತ್ತು ಅಂದೆ, ಹೌದು ಅಂತ ಆಡಿಸಿದ್ಳು. ಅವಳ ತಲೆ ನಂಬ್ಕೊಂಡು ಯಾರಾದ್ರೂ ಸಾಕ್ಷಿ ಹೇಳೋಕಾಗುತ್ತಾ? ಏನ್ ಹೇಳ್ಲಿ ಅಂತ ಎಷ್ಟು ಸಲ ಕೇಳಿದ್ರೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಮಾತು ಪೂರ್ತಿ ಕೇಳೋರು ಯಾರಿದ್ದಾರೆ ಹೇಳಿ? ಈಯಮ್ಮ ಕೇಳಿದ್ಳು, ಅದಕ್ಕೇ ನಾನು ಇಲ್ಲಿಗೆ ಬಂದಿದ್ದು. ಇಲ್ದಿದ್ರೆ ಅಂಗಡಿ ಬಾಗಿಲು ಹಾಕಿ ಬರೋಕೆ ನನಗೇನು ಹುಚ್ಚಾ?”

ನ್ಯಾಯಾಧೀಶರು ಬೆಂಚಿನತ್ತ ನೋಡಿದರು. ಪೆನ್ನನ್ನು ಮೂಗಿನ ಬಳಿ ಹಿಡಿದುಕೊಂಡು, “ಈಗಲೂ ಆಡಿಸುತ್ತಿದ್ದಾರೆ,” ಎಂದರು.

ಹೌದು, ಆಡಿಸುತ್ತಿದ್ದಳು. ಕೋರ್ಟು ಘೊಳ್ಳೆಂದು ನಕ್ಕಿತು. ಜವಾನ ನಕ್ಕ, ಬೆರಳಚ್ಚುಗಾರ ಕೀಲಿಮಣೆ ಬಿಟ್ಟು ನಕ್ಕ, ಸರ್ಕಾರಿ ವಕೀಲರಿಗೆ ನಗಲು ಹೋಗಿ ಸೀನು ಬಂತು. ಅವಳ ಮುಖ ಕೆಂಡವಾಗಿತ್ತು. ಗಣಿತದ ತರಗತಿಯ ನಗುವೇ ಇದು, ಅದೇ ಗೋಡೆ, ಅದೇ ಕಿಟಕಿ, ಅದೇ ಕಿವಿ ಎಂದು ಒಂದು ಗಳಿಗೆ ಅನಿಸಿತು. ಆದರೆ ಅಲ್ಲ, ಎಲ್ಲಿಯೋ ಬೇರೆಯಿತ್ತು. ಅಂದಿನ ನಗು ಅವಳನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿತ್ತು. ಇಂದಿನದಕ್ಕೆ ಬಾಗಿಲಿರಲಿಲ್ಲ. ಮೇಡಂ ಬೆನ್ನು ಕುಲುಕುವುದು ಕಂಡು ಅವಳಿಗೂ ನಗು ಬಂತು. ಫೈಲನ್ನು ಮುಖಕ್ಕೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ವಾದ ಬೇಗನೇ ಮುಗಿಯಿತು. ಒಬ್ಬ ಮುದುಕ ಹತ್ತುವವರೆಗೆ ಎಂಜಿನ್ ಆರಿಸಿ ಕಾದ ಮನುಷ್ಯ, ಹೊರಟು ಉಸಿರು ಎಳೆಯುವಷ್ಟರಲ್ಲಿ ಆದ ಢಿಕ್ಕಿ, ಇದರಲ್ಲಿ ನುಗ್ಗಿದ್ದೆಲ್ಲಿ, ಅಜಾಗರೂಕತೆಯೆಲ್ಲಿ ಎಂದು ಮೇಡಂ ಕೇಳಿದರು. ದೀಪದ ಬಣ್ಣವನ್ನು ದೂರುದಾರನೊಬ್ಬನ ಹೊರತು ಯಾರೂ ಹೇಳಿಲ್ಲ, ನಮ್ಮ ಸಾಕ್ಷಿ ಗೊತ್ತಿಲ್ಲ ಎಂದೇ ಹೇಳಿದ್ದಾಳೆ, ಹಾಗೆ ಹೇಳಿದವಳ ಉಳಿದ ಮಾತನ್ನು ಏಕೆ ನಂಬಬಾರದು ಎಂದರು. ತೀರ್ಪು ಊಟದ ನಂತರ ಎಂದು ನ್ಯಾಯಾಧೀಶರು ಎದ್ದರು. ಕ್ಯಾಂಟೀನಿನಲ್ಲಿ ಮೇಡಂ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ನೀನು ಬೆಳಗ್ಗೆ ಬಾಯಿ ಬಿಡದೇ ಇದ್ದಿದ್ರೆ ನಾನು ದೀಪಾನೇ ಹಿಡಿದು ಕೂರ್ತಿದ್ದೆ. ಆಕೆ ಗೊತ್ತಿಲ್ಲ ಅಂದ್ಕೂಡಲೇ ನನ್ನ ಕಥೆ ಮುಗೀತಿತ್ತು” ಎಂದರು. ಆಮೇಲೆ, ಅವಳ ಕಡೆ ನೋಡದೆ, “ಇನ್ನು ಮೇಲೆ ತಮಾಷೆಯನ್ನೂ ಬರ್ಕೋ” ಎಂದು ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದರು. ಅವಳಿಗೆ ಹಸಿವಾಗುತ್ತಿರುವುದು ಆಗ ತಿಳಿಯಿತು.

ತೀರ್ಪು ಚಿಕ್ಕದಾಗಿತ್ತು. ಆರೋಪ ರುಜುವಾತಾಗಿಲ್ಲ, ಬಿಡುಗಡೆ. ಚಾಲಕನಿಗೆ ಅದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. “ಅಂದ್ರೆ ಓಡಿಸಬಹುದಾ?” ಎಂದು ಅವಳನ್ನೇ ಕೇಳಿದ. ಮೇಡಂ ಅವರನ್ನು ಕೇಳಿ ಎಂದು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಮೇಡಂ ಹಿಂದಿನಿಂದ, “ಓಡಿಸಬಹುದು, ನಾಳೇನೇ” ಎಂದರು. ಇಸ್ತ್ರಿ ಅಕ್ಕ ನುಗ್ಗಿ ಬಂದು, “ಓಡಿಸೋದು ಆಮೇಲೆ. ಮೊದ್ಲು ಆ ಅಂಗಿ ಬಿಚ್ಚಿ ಕೊಡು. ಅಲ್ಲಿ ನಿಂತು ಅದನ್ನ ನೋಡಿ ನೋಡಿ ನನಗೆ ಮಾತೇ ಮರೆತುಹೋಗ್ತಿತ್ತು” ಎಂದು ರೇಗಿದಳು. ಮಾತು ಮರೆಯುವುದೆಂದರೆ ಇವಳ ಲೆಕ್ಕದಲ್ಲಿ ಹೇಗಿರುತ್ತದೋ ಎಂದು ಮೇಡಂ ಗೊಣಗಿಕೊಂಡು, ಇನ್ನೊಂದು ಕೇಸಿದೆಯೆಂದು ಹೊರಟುಹೋದರು. ಅಕ್ಕನೂ ಅಂಗಡಿ ತೆರೆಯಬೇಕೆಂದು ಹೊರಟಳು.

ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ಅವಳು ಫೈಲುಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದಳು. ಬೆಂಚಿನ ಆ ತುದಿಯಲ್ಲಿ ಯಾರೋ ಬಂದು ಭಾರವಾಗಿ ಕೂತರು. ತಿರುಗಿದರೆ ಸೈಕಲ್ ಸವಾರ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಇನ್ನೂ ಎಳೆಯ ಮುಖದವನು. ಊರುಗೋಲನ್ನು ಗೋಡೆಗೆ ಆನಿಸಿ, ಸೋತವನಂತೆಯೂ ಅಲ್ಲ, ಸಿಟ್ಟಾದವನಂತೆಯೂ ಅಲ್ಲ, ಬಹಳ ದೂರ ನಡೆದು ಬಂದವನಂತೆ ಉಸಿರುಬಿಟ್ಟ. ಎದುರು ಪಕ್ಷದವನು. ಇಷ್ಟು ದಿನ ಅವನನ್ನು ಕಂಡರೆ ದಾರಿ ಬದಲಿಸಬೇಕಿತ್ತು.

“ಆ ಅಜ್ಜನ ವಿಷಯ ನನಗೆ ಗೊತ್ತಿರಲಿಲ್ಲ,” ಎಂದ ಅವನು, ನೆಲ ನೋಡುತ್ತ. “ದೀಪ ನಾನು ನೋಡಿದ್ದು ಹೌದು. ನನ್ನ ಕಡೇದೋ ಬಸ್ಸಿನ ಕಡೇದೋ ಅಂತ ಈಗ ನನಗೇ ಅನುಮಾನ. ಅವತ್ತು ಬಿದ್ದಾಗ ಆ ಮನುಷ್ಯ ಇಳಿದು ಬಂದು ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಆಂಬುಲೆನ್ಸ್ ಬರೋವರೆಗೂ. ಅದನ್ನ ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನಗೆ ನೆನಪಿದೆ ಅಂತ ನೀವು ಅವರಿಗೆ ಹೇಳ್ತೀರಾ?”

ಅವಳು ದಾರ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸಿದಳು. ತಲೆ ಆಗಲೇ ಅಲುಗಲು ಹೊರಟಿತ್ತು. ಇಂಥ ಮಾತನ್ನು ಒಬ್ಬರಿಂದ ಒಯ್ದು ಇನ್ನೊಬ್ಬರಿಗೆ ಮುಟ್ಟಿಸಿದರೆ ಅದು ಅರ್ಧವಾಗಿಯೇ ಮುಟ್ಟುತ್ತದೆ, ಎಷ್ಟು ಚೆನ್ನಾಗಿ ಬರೆದುಕೊಂಡರೂ. ಅವಳು ಸುತ್ತ ನೋಡಿದಳು. ಕಾರಿಡಾರಿನ ಕೊನೆಯಲ್ಲಿ ಚಾಲಕ ನಲ್ಲಿಯ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದವನು, ಈ ಕಡೆಯೇ ನೋಡುತ್ತ, ಬರಲೋ ಬೇಡವೋ ಎಂದು ನಿಂತಿದ್ದ.

“ನಾನು ಹೇಳಲ್ಲ,” ಎಂದಳು. “ಕೇಸು ಮುಗೀತು. ಅವರು ಅಲ್ಲೇ ಇದ್ದಾರೆ, ನೀವೇ ಹೇಳಿ.”

ಅವಳು ಚಾಲಕನತ್ತ ಕೈ ಬೀಸಿ ಕರೆದಳು. ಅವನು ಹತ್ತಿರ ಬಂದ, ಹತ್ತಿರ ಬಂದವನ ಕಣ್ಣು ಮೊದಲು ಹೋದದ್ದು ಊರುಗೋಲಿಗೆ, ಅಲ್ಲಿಂದ ಕಾಲಿಗೆ. ಸವಾರ ಏಳಲು ನೋಡಿದ. “ಕೂತ್ಕೋ, ಕೂತ್ಕೋಪ್ಪ” ಎಂದು ಚಾಲಕ ಗಾಬರಿಯಿಂದ ಎರಡೂ ಕೈ ಮುಂದೆ ಚಾಚಿದ. ಆಮೇಲೆ ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿ, ಒಟ್ಟಿಗೇ ನಿಲ್ಲಿಸಿದರು. ಚಾಲಕನಿಗೆ ಎಲ್ಲಿ ಕೂರುವುದೆಂದು ತಿಳಿಯಲಿಲ್ಲ. ಬೆಂಚಿನ ಉಳಿದ ಜಾಗದ ತುಂಬ ಆ ಕೇಸಿನ ಕಾಗದಗಳೇ ಹರಡಿದ್ದವು. ಅವಳು ಅವನ್ನೆಲ್ಲ ಎರಡೂ ತೋಳುಗಳಲ್ಲಿ ಬಾಚಿ ಎತ್ತಿಕೊಂಡು, ಎದ್ದು, ಜಾಗ ಮಾಡಿಕೊಟ್ಟಳು.